ಒಂದೇ ಕಡಲಿಗೆ ಎರಡು ಕಾನೂನು: ಹವಾಮಾನ ಒಪ್ಪಂದಗಳಲ್ಲಿ ನ್ಯಾಯದ ಜಗಳ

ಜೂನ್ 1 ಬಂತೆಂದರೆ ಮಂಗಳೂರಿನ ದಕ್ಕೆಯಲ್ಲೂ ಮಲ್ಪೆಯಲ್ಲೂ ಟ್ರಾಲ್ ಬೋಟುಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ಸಾಲಾಗಿ ನಿಲ್ಲುತ್ತವೆ. ಜುಲೈ 31ರ ತನಕ, ಅಂದರೆ 61 ದಿನ, ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಗೆ ಮಾತ್ರ ಈ ಕಟ್ಟು ಇಲ್ಲ. 10 ಅಶ್ವಶಕ್ತಿಯವರೆಗಿನ ಮೋಟಾರು ಇರುವ ದೋಣಿಯವರು ತೂಫಾನ್ ಆದ ಮೇಲೆ, ಕಡಲಿನ ಲಕ್ಷಣ ನೋಡಿಕೊಂಡು, ಬಲೆ ಬಿಡಬಹುದು. ಕಡಲು ಒಂದೇ, ಮೀನೂ ಒಂದೇ, ಕಾನೂನು ಎರಡು. ಕಡಲನ್ನು ಬರಿದು ಮಾಡುವ ತಾಕತ್ತು ಯಾರಿಗೆ ಹೆಚ್ಚೋ ಅವರ ಮೇಲೆ ತಡೆಯೂ ಹೆಚ್ಚು. ದಿನದ ಗಂಜಿಗೆ ದುಡಿಯುವವರ ಮೇಲೆ ಕಡಿಮೆ. ಕರಾವಳಿಯಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಹವಾಮಾನ ಬದಲಾವಣೆಯ ವಿಷಯದಲ್ಲಿ ಮೂವತ್ತು ವರ್ಷಗಳಿಂದ ದೇಶ ದೇಶಗಳ ನಡುವೆ ನಡೆಯುತ್ತಿರುವ ಹಗ್ಗಜಗ್ಗಾಟದ ತಿರುಳೂ ಇದೇ. 1992ರಲ್ಲಿ ರಿಯೊ ಡಿ ಜನೈರೊದ ಶೃಂಗಸಭೆಯಲ್ಲಿ ದೇಶಗಳು ಸಹಿ ಹಾಕಿದ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯ 3ನೇ ವಿಧಿಯ ಸಾರ ಇಷ್ಟು: ಹವಾಮಾನ ಕಾಪಾಡುವ ಹೊಣೆ ಎಲ್ಲ ದೇಶಗಳದ್ದೂ ಹೌದು, ಆದರೆ ಎಲ್ಲರ ಹೊಣೆಯ ಅಳತೆ ಒಂದೇ ಅಲ್ಲ, ಅವರವರ ಪಾತ್ರಕ್ಕೂ ಶಕ್ತಿಗೂ ತಕ್ಕಂತೆ ಅದು ಬೇರೆ ಬೇರೆ, ಮೊದಲು ಹೆಜ್ಜೆ ಇಡಬೇಕಾದವರು ಶ್ರೀಮಂತ ದೇಶಗಳವರು. ಓದಿದರೆ ತಕರಾರು ತೆಗೆಯಲು ಏನೂ ಇಲ್ಲ. ತಕರಾರು ಶುರುವಾಗುವುದು ನಾಡದೋಣಿ ಯಾವುದು, ಟ್ರಾಲ್ ಬೋಟು ಯಾವುದು ಎಂದು ಗೆರೆ ಎಳೆಯುವಾಗ. ಶ್ರೀಮಂತರು, ಉಳಿದವರು ಎಂದು ಪಟ್ಟಿ ಮಾಡಿ ಒಡಂಬಡಿಕೆ 1992ರಲ್ಲಿ ಎಳೆದ ಗೆರೆ ಹೆಚ್ಚುಕಮ್ಮಿ ಅಲ್ಲೇ ಇದೆ. ಆಗ ನಾಡದೋಣಿಯಾಗಿದ್ದ ಚೀನಾ ಈಗ ಕಟ್ಟಿಕೊಂಡಿರುವ ಎಂಜಿನ್ ಎಂಥದ್ದೆಂದು ಎಲ್ಲರಿಗೂ ಗೊತ್ತು. ಕತಾರ್, ಸಿಂಗಾಪುರ, ದಕ್ಷಿಣ ಕೊರಿಯಾಗಳು ಇನ್ನೂ ಆ ಪಟ್ಟಿಯಲ್ಲಿ ನಮ್ಮ ಸಾಲಿನಲ್ಲೇ ಕೂತಿವೆ.

ಹಳೆಯ ಲೆಕ್ಕವನ್ನು ಇಷ್ಟೊಂದು ಕೆದಕುವುದೇಕೆ ಎಂದು ಕೇಳುವವರಿದ್ದಾರೆ. ಕಾರಣ ರಸಾಯನಶಾಸ್ತ್ರದಲ್ಲಿದೆ. ಅಂಗಳದಲ್ಲಿ ಕಸ ಸುಟ್ಟ ಮಸಿ ಒಂದು ಮಳೆಗೆ ತೊಳೆದುಹೋಗುತ್ತದೆ. ಇಂಗಾಲದ ಡೈಆಕ್ಸೈಡ್ ಹಾಗಲ್ಲ. ಗಾಳಿಗೆ ಸೇರಿದ್ದರಲ್ಲಿ ಗಣನೀಯ ಪಾಲು ನೂರಾರು ವರ್ಷ ಅಲ್ಲೇ ಇರುತ್ತದೆ. ಹಾಗಾಗಿ ಭೂಮಿಯ ಬಿಸಿಯನ್ನು ನಿರ್ಧರಿಸುವುದು ಈ ವರ್ಷದ ಹೊಗೆಯೊಂದೇ ಅಲ್ಲ, ಕೈಗಾರಿಕಾ ಕ್ರಾಂತಿಯಿಂದ ಈಚೆಗೆ ಬಿಟ್ಟ ಒಟ್ಟು ಹೊಗೆ. ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಐಪಿಸಿಸಿಯ ಲೆಕ್ಕದಲ್ಲಿ 1850ರಿಂದ 2019ರವರೆಗೆ ಮನುಷ್ಯರು ಬಿಟ್ಟ ಇಂಗಾಲದ ಡೈಆಕ್ಸೈಡ್ ಸುಮಾರು 2,400 ಶತಕೋಟಿ ಟನ್. ತಾಪಮಾನ ಏರಿಕೆ 1.5 ಡಿಗ್ರಿಗೆ ನಿಲ್ಲುವ ಅರ್ಧಕ್ಕರ್ಧ ಸಾಧ್ಯತೆಯಾದರೂ ಇರಬೇಕಿದ್ದರೆ 2020ರಿಂದ ಮುಂದಕ್ಕೆ ಉಳಿದಿದ್ದದ್ದು ಸುಮಾರು 500 ಶತಕೋಟಿ ಟನ್. ಜಗತ್ತು ವರ್ಷಕ್ಕೆ 40 ಶತಕೋಟಿ ಟನ್ ಆಸುಪಾಸಿನಲ್ಲಿ ಅದನ್ನು ಮುಗಿಸುತ್ತಿದೆ. ಐದರಲ್ಲಿ ನಾಲ್ಕು ಪಾಲು ಆಗಲೇ ಖಾಲಿಯಾದ ಮೇಲೆ, ಉಳಿದ ಒಂದು ಪಾಲನ್ನು ಎಲ್ಲರೂ ಸಮವಾಗಿ ಹಂಚಿಕೊಳ್ಳೋಣ ಎಂದರೆ ಅದಕ್ಕೆ ಸಮಾನತೆ ಎನ್ನಬಹುದೇ?

ಅಜ್ಜಂದಿರು ಗೊತ್ತಿಲ್ಲದೆ ಮಾಡಿದ್ದಕ್ಕೆ ಮೊಮ್ಮಕ್ಕಳನ್ನು ಹಿಡಿಯುವುದು ಸರಿಯಲ್ಲ ಎಂಬ ವಾದವೂ ಇದೆ. ಕೇಳಲು ಚೆನ್ನಾಗಿದೆ, ಆದರೆ ಅಂಕಿಅಂಶಕ್ಕೆ ನಿಲ್ಲುವುದಿಲ್ಲ. ಆ 2,400 ಶತಕೋಟಿ ಟನ್ನಿನಲ್ಲಿ ಶೇ. 42ರಷ್ಟು 1990ರ ನಂತರದ್ದು. ಅಂದರೆ ಎಲ್ಲರಿಗೂ ಗೊತ್ತಾದ ಮೇಲೆ, ಅದರಲ್ಲೂ ಬಹುಪಾಲು ರಿಯೊದಲ್ಲಿ ಸಹಿ ಹಾಕಿದ ಮೇಲೆ ಬಿಟ್ಟದ್ದು. ಆದರೆ ಇದೇ ಅಂಕಿ ಚೀನಾಕ್ಕೂ ತಿರುಗುತ್ತದೆ, ತುಸುಮಟ್ಟಿಗೆ ನಮಗೂ.

ಯಾರ ಕೈಯಲ್ಲಿ ಯಾವ ಅಳತೆಗೋಲು

ಇನ್ನು ಅಳತೆಯ ವಿಷಯ. ವರ್ಷದ ಲೆಕ್ಕ ಹಿಡಿದರೆ ಚೀನಾ ಮೊದಲು, ಜಗತ್ತಿನ ಮೂರನೇ ಒಂದು ಪಾಲಿನ ಹತ್ತಿರ. ಅಮೆರಿಕ ಎರಡನೆಯದು, ಭಾರತ ಮೂರನೆಯದು. ಒಟ್ಟು ಇತಿಹಾಸದ ಲೆಕ್ಕ ಹಿಡಿದರೆ ಕಲ್ಲಿದ್ದಲು, ತೈಲ, ಅನಿಲ ಸುಟ್ಟದ್ದರಲ್ಲಿ ಅಮೆರಿಕವೊಂದರದ್ದೇ ಸುಮಾರು ಕಾಲು ಭಾಗ; ಬ್ರಿಟನ್ ಸೇರಿಸಿದ ಯುರೋಪ್ ಒಕ್ಕೂಟದ ದೇಶಗಳದ್ದು ಐದನೇ ಒಂದಕ್ಕಿಂತ ತುಸು ಹೆಚ್ಚು; ಭಾರತದ್ದು ಶೇ. 3ರಿಂದ 4. ತಲಾವಾರು ಲೆಕ್ಕ ಹಿಡಿದರೆ ಭಾರತೀಯನ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್, ಚೀನೀಯನಿಗೆ ಸುಮಾರು 8, ಅಮೆರಿಕದವನಿಗೆ 14ರ ಆಸುಪಾಸು, ಕತಾರಿನವನಿಗೆ 30ಕ್ಕೂ ಮೇಲೆ. ಈ ಮೂರರಲ್ಲಿ ಯಾವುದೂ ಸುಳ್ಳಲ್ಲ. ಅಮೆರಿಕ ವರ್ಷದ ಲೆಕ್ಕವನ್ನೇ ಮುಂದಿಡುತ್ತದೆ, ಭಾರತ ತಲಾವಾರು ಲೆಕ್ಕವನ್ನು, ಪುಟ್ಟ ದ್ವೀಪ ದೇಶಗಳು ಇತಿಹಾಸವನ್ನು. ತಮಗೆ ಒಗ್ಗದ ಅಳತೆಗೋಲನ್ನು ಸಭೆಗೆ ಹೊತ್ತು ತರುವ ದೇಶ ಯಾವುದೂ ಇಲ್ಲ.

ಹೊಗೆ ಯಾರ ಖಾತೆಗೆ ಬೀಳಬೇಕು ಎಂಬ ನಾಲ್ಕನೆಯ ಲೆಕ್ಕವೊಂದು ಉಂಟು, ಅದನ್ನು ನೋಡಲು ನವಮಂಗಳೂರು ಬಂದರು ಇರುವ ಪಣಂಬೂರಿಗೆ ಹೋದರೆ ಸಾಕು. ಅಮೆರಿಕದಲ್ಲಿ ಮಾರಾಟವಾಗುವ ಚಪ್ಪಲಿಯನ್ನು ಚೀನಾದ ಕಾರ್ಖಾನೆ ತಯಾರಿಸಿದರೆ ಹೊಗೆ ಚೀನಾದ ಖಾತೆಗೆ ಬೀಳುತ್ತದೆ, ತೊಟ್ಟವನ ಖಾತೆಗೆ ಅಲ್ಲ. ವಿದೇಶದ ಕಲ್ಲಿದ್ದಲು ನವಮಂಗಳೂರು ಬಂದರಿನಲ್ಲಿ ಇಳಿದು ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವ್ಯಾಟ್ ಸ್ಥಾವರದಲ್ಲಿ ಉರಿದರೆ ಹೊಗೆ ಭಾರತದ್ದು, ಗಣಿ ಅಗೆದು ಮಾರಿ ಹಣ ಎಣಿಸಿದ ದೇಶದ್ದಲ್ಲ. ಆ ಕಲ್ಲಿದ್ದಲನ್ನು ಹೊತ್ತು ತಂದ ಹಡಗು ದಾರಿಯುದ್ದಕ್ಕೂ ಸುಟ್ಟ ಎಣ್ಣೆ ಯಾರದ್ದು? ಯಾರದ್ದೂ ಅಲ್ಲ. ಅಂತಾರಾಷ್ಟ್ರೀಯ ಹಡಗು, ವಿಮಾನಗಳ ಇಂಧನ ಯಾವ ದೇಶದ ಒಟ್ಟು ಮೊತ್ತಕ್ಕೂ ಸೇರುವುದಿಲ್ಲ. ಪ್ರತ್ಯೇಕ ಸಾಲಿನಲ್ಲಿ ಬರೆದಿಡುತ್ತಾರೆ, ಅಷ್ಟೆ.

ಲೆಕ್ಕದ ಈ ರಾಜಕೀಯವನ್ನು ಮೊದಲು ಬಯಲಿಗೆಳೆದವರಲ್ಲಿ ನಮ್ಮವರೂ ಇದ್ದರು. 1990ರಲ್ಲಿ ಅಮೆರಿಕದ ಸಂಸ್ಥೆಯೊಂದು ಭಾರತವನ್ನು ಜಗತ್ತಿನ ಮೊದಲ ಐದು ಹೊಗೆಕೋರ ದೇಶಗಳ ಸಾಲಿಗೆ ಸೇರಿಸಿತು. ಗದ್ದೆಯ ನಿಂತ ನೀರಿನಿಂದಲೂ ದನಗಳ ಹೊಟ್ಟೆಯಿಂದಲೂ ಬರುವ ಮೀಥೇನ್ ಆ ಲೆಕ್ಕದಲ್ಲಿತ್ತು. ಮರುವರ್ಷವೇ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಅದಕ್ಕೆ ಉತ್ತರ ಬರೆದರು. ಬದುಕಲು ಬಿಡುವ ಹೊಗೆ ಬೇರೆ, ಶೋಕಿಗೆ ಬಿಡುವ ಹೊಗೆ ಬೇರೆ ಎಂಬುದು ಅವರ ವಾದ. ಬ್ರಹ್ಮಾವರದ ಬೈಲುಗದ್ದೆಯಲ್ಲಿ ಏಣೆಲು ಎಂಬ ಮಳೆಗಾಲದ ಭತ್ತದ ಬೆಳೆಗೆ ನೀರು ನಿಲ್ಲಿಸಿದವನನ್ನೂ ಒಬ್ಬನೇ ಕೂತು ದೊಡ್ಡ ಕಾರು ಓಡಿಸುವ ಟೆಕ್ಸಾಸಿನವನನ್ನೂ ಒಂದೇ ತಕ್ಕಡಿಗೆ ಹಾಕುವುದು ವಿಜ್ಞಾನವಲ್ಲ, ರಾಜಕೀಯ ಎಂದರು. ರಿಯೊದಲ್ಲಿ ಹೊಣೆಯ ಹಂಚಿಕೆ ಅಷ್ಟು ಸ್ಪಷ್ಟವಾಗಿ ದಾಖಲಾದದ್ದರ ಹಿಂದೆ ಇಂಥ ವಾದಗಳ ಬಲವಿತ್ತು.

ಮುಂದಿನ ಕಥೆಯನ್ನು ಬೇಗ ಹೇಳಬಹುದು. 1997ರ ಕ್ಯೋಟೊ ಒಪ್ಪಂದ ಶ್ರೀಮಂತ ದೇಶಗಳಿಗೆ ಮಾತ್ರ ಕಟ್ಟುನಿಟ್ಟಿನ ಗುರಿ ಕೊಟ್ಟಿತು: 2008ರಿಂದ 2012ರ ಅವಧಿಯಲ್ಲಿ 1990ರ ಮಟ್ಟಕ್ಕಿಂತ ಸರಾಸರಿ ಶೇ. 5ರಷ್ಟು ಕಡಿತ. ಅದಕ್ಕೂ ಮುಂಚೆಯೇ, ಆ ವರ್ಷದ ಜುಲೈಯಲ್ಲಿ, ಚೀನಾ ಭಾರತಗಳಂಥ ದೇಶಗಳಿಗೂ ಗುರಿ ಇಲ್ಲದಿದ್ದರೆ ನಮಗೂ ಬೇಡ ಎಂದು ಅಮೆರಿಕದ ಸೆನೆಟ್ 95–0 ಮತಗಳಿಂದ ನಿರ್ಣಯ ಮಾಡಿತ್ತು. ಒಂದೂ ವಿರೋಧ ಮತ ಇಲ್ಲ, ನೆನಪಿರಲಿ. ಅಲ್ಲಿನ ಎರಡೂ ಪಕ್ಷಗಳು ಇಷ್ಟು ಒಗ್ಗಟ್ಟಾಗಿ ಒಪ್ಪುವ ವಿಷಯಗಳು ಹೆಚ್ಚಿಲ್ಲ. ಅಮೆರಿಕ ಕ್ಯೋಟೊವನ್ನು ಅನುಮೋದಿಸಲೇ ಇಲ್ಲ. ಕೆನಡಾ ಅನುಮೋದಿಸಿ, ಗುರಿ ಮುಟ್ಟುವುದಿಲ್ಲ ಎಂದಾದಾಗ 2011ರಲ್ಲಿ ಹೊರನಡೆಯಿತು.

2015ರ ಪ್ಯಾರಿಸ್ ಒಪ್ಪಂದದಲ್ಲಿ ಈ ಗಂಟನ್ನು ಬಿಚ್ಚಲಿಲ್ಲ, ಪಕ್ಕಕ್ಕೆ ಸರಿಸಿದರು. ಯಾರ ಪಾಲು ಎಷ್ಟೆಂದು ಯಾರೂ ಹೇಳುವುದಿಲ್ಲ. ಪ್ರತಿಯೊಂದು ದೇಶ ತನ್ನ ಗುರಿಯನ್ನು ತಾನೇ ಬರೆದುಕೊಡಬೇಕು, ಐದು ವರ್ಷಕ್ಕೊಮ್ಮೆ ಬಿಗಿಗೊಳಿಸಬೇಕು, ತಪ್ಪಿದರೆ ದಂಡವಿಲ್ಲ. ಎಲ್ಲರನ್ನೂ ಒಂದೇ ಚಾವಡಿಯಲ್ಲಿ ಕೂರಿಸಲು ಅದಲ್ಲದೆ ದಾರಿ ಇರಲಿಲ್ಲ ಎಂಬುದೂ ನಿಜ. ಆದರೆ ಬೆಲೆ ತೆರಲೇಬೇಕಾಯಿತು. ನ್ಯಾಯವಾದ ಪಾಲು ಎಷ್ಟು ಎಂಬ ಪ್ರಶ್ನೆ ಕಾಗದದಿಂದಲೇ ಮಾಯವಾಗಿ, ಅವರವರ ಮರ್ಜಿ ಉಳಿಯಿತು. ಭಾರತ 2022ರಲ್ಲಿ ಬರೆದುಕೊಟ್ಟ ಗುರಿಯನ್ನೇ ನೋಡಿ: 2030ರೊಳಗೆ ಜಿಡಿಪಿಯ ಪ್ರತಿ ರೂಪಾಯಿಗೆ ಬಿಡುವ ಹೊಗೆಯನ್ನು 2005ಕ್ಕೆ ಹೋಲಿಸಿದರೆ ಶೇ. 45 ಇಳಿಸುವುದು. ಪ್ರತಿ ರೂಪಾಯಿಗೆ, ಒಟ್ಟು ಅಲ್ಲ. ರೂಪಾಯಿಗಳು ಬೆಳೆಯುತ್ತಿದ್ದರೆ ಒಟ್ಟು ಹೊಗೆ ಏರುತ್ತಲೇ ಹೋಗಬಹುದು, ಏರುತ್ತಿದೆ ಕೂಡ. ತಲಾ 2 ಟನ್ನಿನಲ್ಲಿರುವ ದೇಶಕ್ಕೆ ಇದು ಅನ್ಯಾಯದ ಗುರಿಯಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಪತ್ರಿಕೆಯಲ್ಲಿ "ಶೇ. 45 ಕಡಿತ" ಎಂಬ ತಲೆಬರಹ ಓದಿದವರಿಗೆ ಬೇರೆಯೇ ಅರ್ಥ ಹೊಳೆಯುತ್ತದೆ.

ಕೊಟ್ಟದ್ದೋ, ಸಾಲವೋ?

ಹೊಗೆಯ ಪಾಲು ಹಂಚುವ ಮಾತು ನಿಂತ ಮೇಲೆ ನ್ಯಾಯದ ಇಡೀ ಜಗಳ ಹಣದ ಮೇಲೆ ಬಂದು ಕೂತಿದೆ. ಯಾವ ಶೃಂಗಸಭೆಯ ಸುದ್ದಿ ಓದುವಾಗಲೂ ನಿಧಾನವಾಗಿ ಓದಬೇಕಾದ ಭಾಗ ಇದು.

2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು ಮಾತು ಕೊಟ್ಟವು: 2020ರ ಹೊತ್ತಿಗೆ ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್. ಅವರದ್ದೇ ಕೂಟವಾದ ಒಇಸಿಡಿಯ ಲೆಕ್ಕದ ಪ್ರಕಾರ ಆ ಮೊತ್ತ ಮುಟ್ಟಿದ್ದು 2022ರಲ್ಲಿ, ಎರಡು ವರ್ಷ ತಡವಾಗಿ. ತಡವಾದದ್ದು ಸಣ್ಣ ವಿಷಯ. ಒಳಗೆ ಏನಿದೆ ಎಂಬುದು ದೊಡ್ಡದು. ಸರಕಾರಿ ಮೂಲದಿಂದ ಬಂದ ಹಣದಲ್ಲಿ ಸುಮಾರು ಮೂರನೇ ಎರಡು ಪಾಲು ಸಾಲ. ಮರಳಿ ಕೊಡಬೇಕಾಗಿಲ್ಲದ ನೆರವು ಮೂರನೇ ಒಂದಕ್ಕಿಂತ ಕಡಿಮೆ. ಸಾಲದ ಪೂರ್ತಿ ಮೊತ್ತವನ್ನೇ ಕೊಟ್ಟದ್ದರ ಲೆಕ್ಕಕ್ಕೆ ಹಿಡಿಯುತ್ತಾರೆ. ವರ್ಷ ವರ್ಷ ಬಡ್ಡಿ, ಅಸಲು ಹಿಂದಿರುಗಿದ್ದನ್ನು ಅದರಿಂದ ಕಳೆಯುವುದಿಲ್ಲ.

ಇದರ ಅರ್ಥ ಉಳ್ಳಾಲದಲ್ಲಿ ನಿಂತರೆ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಕಡಲ್ಕೊರೆತ ತಡೆಯಲು ಲಾರಿ ಲಾರಿ ಕರಿಕಲ್ಲು ತಂದು ಸುರಿದದ್ದು ಊರಿನವರಿಗೆ ಮಾಮೂಲಿ ದೃಶ್ಯ; ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲು ಮರಳಿನಡಿ ಹೂತು, ಮತ್ತೆ ಟೆಂಡರ್. 2010ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಕರ್ನಾಟಕ ಮತ್ತು ಮಹಾರಾಷ್ಟ್ರದ ಕಡಲ ದಡ ರಕ್ಷಣೆಗೆ ಸಾಲ ಮಂಜೂರು ಮಾಡಿತು. ಅದರಲ್ಲಿ ಉಳ್ಳಾಲದ ಕಡಲೊಳಗೆ ಅಲೆಯ ಹೊಡೆತ ಮುರಿಯುವ ರೀಫ್‌ಗಳೂ ದಡದಲ್ಲಿ ಬರ್ಮ್ ಎಂಬ ದಿಬ್ಬಗಳೂ ಆದವು. ಕೆಲಸ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಬೇರೆ. ಸೌರಫಲಕಕ್ಕೆ ಸಾಲ ತೆಗೆದರೆ ಅದು ವಿದ್ಯುತ್ ಮಾರಿ ಸಾಲ ತೀರಿಸುತ್ತದೆ. ಕಡಲಿನ ತಡೆಗೋಡೆ ಯಾರಿಗೆ ಏನು ಮಾರುತ್ತದೆ? ಏರುವ ಕಡಲಿನಿಂದ ಬಚಾವಾಗಲು ತೆಗೆದ ಸಾಲವನ್ನು, ಕಡಲು ಏರಿಸಿದವರಿಗೇ ಬಡ್ಡಿ ಸಮೇತ ಹಿಂದಿರುಗಿಸುವುದಕ್ಕೆ ಹವಾಮಾನ ನೆರವು ಎಂದು ಹೆಸರು. ಹೊಂದಾಣಿಕೆಯ ಕೆಲಸಗಳಿಗೆ, ಅಂದರೆ ತಡೆಗೋಡೆ, ಮುನ್ಸೂಚನೆ, ಕುಡಿಯುವ ನೀರಿನಂಥವಕ್ಕೆ, ಯಾವಾಗಲೂ ಕಡಿಮೆ ಹಣ ಬರುವುದು ಇದೇ ಕಾರಣಕ್ಕೆ. ಅದರಲ್ಲಿ ಲಾಭವಿಲ್ಲ ಮಾರಾಯ್ರೆ.

2024ರಲ್ಲಿ ಅಜರ್‌ಬೈಜಾನಿನ ಬಾಕು ಶೃಂಗಸಭೆಯಲ್ಲಿ ಹೊಸ ಮೊತ್ತ ನಿಗದಿಯಾಯಿತು: 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಬಡ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್. ಸಭಾಧ್ಯಕ್ಷರು ಸುತ್ತಿಗೆ ಬಡಿದು ನಿರ್ಣಯ ಅಂಗೀಕಾರವಾಯಿತು ಎಂದ ಮೇಲೆ ಭಾರತದ ಪ್ರತಿನಿಧಿ ಚಾಂದನಿ ರೈನಾ ಎದ್ದು ನಿಂತು, ಇದು ಬರಿ ದೃಷ್ಟಿಭ್ರಮೆ ಎಂದು ಆಕ್ಷೇಪ ದಾಖಲಿಸಿದರು. ಆ 30,000 ಕೋಟಿಯಲ್ಲೂ ಎಷ್ಟು ಸಾಲ, ಎಷ್ಟು ನೆರವು, ಎಷ್ಟು ಖಾಸಗಿ ಬಂಡವಾಳ ಎಂದು ಒಪ್ಪಂದ ಬಿಡಿಸಿ ಹೇಳುವುದಿಲ್ಲ.

ಆಗಿಹೋದ ನಷ್ಟದ ಕಥೆ ಇನ್ನೂ ಹಳೆಯದು. ಪೆಸಿಫಿಕ್‌ನ ಪುಟ್ಟ ದ್ವೀಪ ದೇಶ ವನುವಾಟು 1991ರಲ್ಲೇ ಕೇಳಿತ್ತು, ಕಡಲೇರಿಕೆಯಿಂದ ನಷ್ಟವಾಗುವ ದೇಶಗಳಿಗೆ ವಿಮೆಯಂಥ ವ್ಯವಸ್ಥೆ ಮಾಡಿ, ಕಂತು ಶ್ರೀಮಂತ ದೇಶಗಳು ಕಟ್ಟಲಿ ಎಂದು. ಪ್ಯಾರಿಸ್‌ನಲ್ಲಿ ನಷ್ಟದ ಮಾತು ಒಂದು ವಿಧಿಯಾಗಿ ಸೇರಿತು, ಆದರೆ ಇದು ಪರಿಹಾರ ಕೇಳಲು ಆಧಾರವಲ್ಲ ಎಂಬ ಷರತ್ತನ್ನು ಜೊತೆಗೇ ಬರೆಸಿಕೊಂಡರು. 2022ರಲ್ಲಿ ಈಜಿಪ್ಟಿನಲ್ಲಿ ನಿಧಿಗೆ ಒಪ್ಪಿಗೆ ಸಿಕ್ಕಿತು, 2023ರಲ್ಲಿ ದುಬೈಯಲ್ಲಿ ನಿಧಿ ಶುರುವಾಯಿತು. ಯುಎಇ, ಜರ್ಮನಿ ತಲಾ 10 ಕೋಟಿ ಡಾಲರ್ ಘೋಷಿಸಿದವು. ಇತಿಹಾಸದ ಕಾಲು ಭಾಗ ಹೊಗೆಯ ಅಮೆರಿಕ ಘೋಷಿಸಿದ್ದು 1.75 ಕೋಟಿ. ಗಮನಿಸಬೇಕಾದ್ದು ಯುಎಇಯ ಹೆಸರು: 1992ರ ಪಟ್ಟಿಯ ಪ್ರಕಾರ ಅದು ಕೊಡಬೇಕಾದವರ ಸಾಲಿನಲ್ಲೇ ಇಲ್ಲ. ಹಳೆಯ ಗೆರೆ ಸದ್ದಿಲ್ಲದೆ ಅಳಿಯುತ್ತಿರುವುದಕ್ಕೆ ಇದೊಂದು ಗುರುತು.

ಸೋಲೊಪ್ಪದ ಅದೇ ವನುವಾಟು ಆಮೇಲೆ ಕೋರ್ಟಿನ ದಾರಿ ಹಿಡಿಯಿತು. ಪೆಸಿಫಿಕ್‌ನ ಕಾನೂನು ವಿದ್ಯಾರ್ಥಿಗಳು 2019ರಲ್ಲಿ ಎತ್ತಿದ ಬೇಡಿಕೆ ವಿಶ್ವಸಂಸ್ಥೆಯ ಮಹಾಸಭೆ ದಾಟಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ ತಲುಪಿತು. 2025ರ ಜುಲೈ 23ರಂದು ಬಂದ ಅಭಿಪ್ರಾಯ ಸ್ಪಷ್ಟವಾಗಿದೆ: ಹವಾಮಾನ ಕಾಪಾಡುವುದು ದೇಶಗಳ ಕಾನೂನುಬದ್ಧ ಕರ್ತವ್ಯ, ತಪ್ಪಿದರೆ, ಹಾನಿಗೂ ಅದಕ್ಕೂ ನಂಟು ತೋರಿಸಲು ಸಾಧ್ಯವಾದರೆ, ನಷ್ಟ ತುಂಬಿಕೊಡಬೇಕಾಗಬಹುದು. ಸಲಹೆಯ ರೂಪದ ಅಭಿಪ್ರಾಯವಾದ್ದರಿಂದ ಇದನ್ನು ಜಾರಿ ಮಾಡಿಸುವ ಅಮೀನರು ಯಾರೂ ಇಲ್ಲ. ಆದರೂ ಮುಂದಿನ ದಾವೆಗಳಲ್ಲಿ ವಕೀಲರು ಇದನ್ನು ಮುಂದಿಡದೆ ಇರುವುದಿಲ್ಲ.

ಕಷ್ಟ ಇರುವುದು ಆ "ನಂಟು" ತೋರಿಸುವುದರಲ್ಲಿ. 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಉಳ್ಳಾಲ, ಸೋಮೇಶ್ವರದ ದಡದ ಮನೆಗಳಿಗೆ ಕಡಲು ನುಗ್ಗಿತು. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ, ಅಲ್ಲಿ ಪ್ರಬಲ ಚಂಡಮಾರುತಗಳು ಹೆಚ್ಚುತ್ತಿವೆ ಎಂಬುದಕ್ಕೆ ವಿಜ್ಞಾನಿಗಳ ಬಳಿ ಪುರಾವೆ ಇದೆ. ಆದರೆ ಉಳ್ಳಾಲದ ಕೊರೆತಕ್ಕೆ ಅದೊಂದೇ ಕಾರಣ ಎಂದರೆ ಊರಿನ ಹಿರಿಯ ಮೀನುಗಾರರು ನಕ್ಕಾರು. ನೇತ್ರಾವತಿ–ಗುರುಪುರ ಅಳಿವೆ ಬಾಗಿಲಿನಲ್ಲಿ ಬ್ರೇಕ್‌ವಾಟರ್ ಎಂಬ ಅಲೆತಡೆ ಕಟ್ಟಿದ ಮೇಲೆ ಮರಳಿನ ಓಡಾಟ ಬದಲಾಯಿತು. ನದಿಗೆ ಅಡ್ಡ ಕಟ್ಟಿದ ಅಣೆಕಟ್ಟು, ಹೊಳೆಯ ಮರಳು ತೆಗೆದದ್ದು ಎಲ್ಲವೂ ಸೇರಿವೆ. ಹೀಗಿರುವಾಗ ಕೊಚ್ಚಿಹೋದ ಒಂದು ಮನೆಯಲ್ಲಿ ಎಷ್ಟು ಪಾಲು ಟೆಕ್ಸಾಸಿನದ್ದು, ಎಷ್ಟು ಪಾಲು ಬೆಂಗಳೂರಿನ ಇಲಾಖೆಗಳದ್ದು? ಪರಿಹಾರದ ವಾದ ಮಾಡುವ ಭಾರತ ಈ ಪ್ರಶ್ನೆಗೂ ತಯಾರಿರಬೇಕು.

ಗಡಿಯಲ್ಲಿ ವಸೂಲಿ

ಇಷ್ಟರಲ್ಲಿ ಯುರೋಪ್ ತನ್ನದೇ ದಾರಿ ಹಿಡಿದಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರ, ಹೈಡ್ರೋಜನ್, ವಿದ್ಯುತ್ ಇವುಗಳನ್ನು ಹೊರಗಿನಿಂದ ತರಿಸುವವರು, ತಯಾರಿಕೆಯಲ್ಲಿ ಬಿಟ್ಟ ಇಂಗಾಲಕ್ಕೆ ಸುಂಕ ಕಟ್ಟಬೇಕೆಂಬ ಕಾನೂನು ಅದು. 2023ರ ಅಕ್ಟೋಬರಿನಿಂದ ವರದಿ ಕೊಟ್ಟರೆ ಸಾಕಿತ್ತು. 2026ರ ಜನವರಿ 1ರಿಂದ ಬರುವ ಸರಕಿಗೆ ಹಣವೂ ಲೆಕ್ಕವಾಗುತ್ತದೆ. ಪಣಂಬೂರಿನ ದೃಷ್ಟಿಯಿಂದ ನೋಡಿದರೆ, ಕಬ್ಬಿಣದ ಅದಿರಿನ ಪುಡಿಯನ್ನು ಉಂಡೆ ಮಾಡಿದ ಪೆಲೆಟ್ಟೂ ಆ ಪಟ್ಟಿಯಲ್ಲಿದೆ. ಕುದುರೆಮುಖದ ಗಣಿ ಮುಚ್ಚಿದ ಮೇಲೆ ಇಲ್ಲಿನ ಪೆಲೆಟ್ ಘಟಕ ನಡೆಯುತ್ತಿರುವುದು ಹೊರಗಿನ ಅದಿರಿನಿಂದ. ಅದರ ಸರಕು ಯುರೋಪಿಗೆ ಹೋದರೆ ಈ ಲೆಕ್ಕಕ್ಕೆ ಸಿಗುತ್ತದೆ. ಗೇರುಬೀಜಕ್ಕೆ ಸದ್ಯ ಬಾಧೆಯಿಲ್ಲ. ಕಾಫಿಗೆ ಕಾಡುನಾಶದ ಕುರಿತ ಬೇರೆಯೇ ಕಾನೂನು ಕಾದಿದೆ.

ಯುರೋಪಿನ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಅಲ್ಲಿನ ಕಾರ್ಖಾನೆ ಇಂಗಾಲಕ್ಕೆ ಬೆಲೆ ಕಟ್ಟುವಾಗ ಹೊರಗಿನದು ಕಟ್ಟದಿದ್ದರೆ ಉದ್ಯಮ ಹೊರಗೆ ಹೋಗುತ್ತದೆ, ಹೊಗೆ ಅಷ್ಟೇ ಉಳಿಯುತ್ತದೆ. ಆದರೆ ಈ ಕಾನೂನಿನಲ್ಲಿ ನಾಡದೋಣಿ ಎಂಬುದೇ ಇಲ್ಲ. ಭಾರತದ ಒಂದು ಟನ್ ಹೊಗೆಗೂ ಜಪಾನಿನ ಒಂದು ಟನ್ ಹೊಗೆಗೂ ಒಂದೇ ದರ. ರಿಯೊದಲ್ಲಿ ಒಪ್ಪಿಕೊಂಡ ಭಿನ್ನ ಹೊಣೆಯನ್ನು ಸುಂಕದಕಟ್ಟೆಯಲ್ಲಿ ಬಿಟ್ಟುಬಿಟ್ಟಂತಾಯಿತು. ವಸೂಲಾದ ಹಣ ಹೋಗುವುದು ಯುರೋಪಿನ ಬೊಕ್ಕಸಕ್ಕೆ. ಆ ಹಣವನ್ನೇ ಬಡ ದೇಶಗಳ ಕಾರ್ಖಾನೆಗಳ ಸುಧಾರಣೆಗೆ ಮರಳಿಸಿದ್ದರೆ ನಾನು ಈ ಕಾನೂನಿನ ಪರ ನಿಲ್ಲುತ್ತಿದ್ದೆ.

ನಮ್ಮ ಕಡೆಯ ಮಾತನ್ನೂ ಹೇಳಬೇಕು. ತಲಾ 2 ಟನ್ ಎಂಬ ಸರಾಸರಿಯ ನೆರಳಿನಲ್ಲಿ ನಾಲ್ಕು ಎಸಿ, ಮೂರು ಕಾರಿನ ಮನೆಗಳೂ ಇವೆ. ವಾದ ಗೆಲ್ಲಿಸಿಕೊಡುವುದು ಸೌದೆ ಒಲೆಯ ಮನೆಗಳು. ಎಲ್ಲೂರಿನ ಸ್ಥಾವರದ ವಿದ್ಯುತ್ 400 ಕೆವಿ ತಂತಿಯಲ್ಲಿ ಘಟ್ಟ ಹತ್ತಿ ಹಾಸನಕ್ಕೆ ಹೋಗುತ್ತದೆ, ಹಾರುಬೂದಿ ಕೆಳಗೇ ಉಳಿಯುತ್ತದೆ. ಅಂತಾರಾಷ್ಟ್ರೀಯ ಸಭೆಯಲ್ಲಿ ನಾವು ಎತ್ತುವ ಪ್ರಶ್ನೆಗಳನ್ನೇ ಎಲ್ಲೂರು ಇರುವ ಕಾಪು ತಾಲೂಕಿನವರು ದೆಹಲಿಗೂ ಬೆಂಗಳೂರಿಗೂ ಕೇಳಿದರೆ ಉತ್ತರಿಸುವುದು ಸುಲಭವಲ್ಲ.

ನಷ್ಟದ ವಿಷಯದಲ್ಲೂ ಹಾಗೆಯೇ. ರಾಜ್ಯಗಳ ವಿಕೋಪ ಪರಿಹಾರ ನಿಧಿಯಿಂದ ಹಣ ಕೊಡಲು ಕೇಂದ್ರ ಮಾಡಿಟ್ಟುಕೊಂಡು ಬಂದ ಹನ್ನೆರಡು ವಿಕೋಪಗಳ ಪಟ್ಟಿಯಲ್ಲಿ ಚಂಡಮಾರುತ ಇದೆ, ಸುನಾಮಿ ಇದೆ, ಹಿಮಕುಸಿತವೂ ಇದೆ, ಕಡಲ್ಕೊರೆತ ಇಲ್ಲ. ರಾಜ್ಯ ಬೇಕಿದ್ದರೆ ತನ್ನ ಸ್ಥಳೀಯ ವಿಕೋಪವೆಂದು ಘೋಷಿಸಿ ನಿಧಿಯ ಶೇ. 10ರೊಳಗೆ ಕೊಡಬಹುದು, ಕೇರಳ ಹಾಗೆ ಮಾಡಿದೆ. ಚಂಡಮಾರುತದ ದಿನ ಬಿದ್ದ ಮನೆಗೆ ಒಂದು ದಾರಿ, ಮಳೆಗಾಲದ ಆಟಿಯ ತಿಂಗಳಿಡೀ ಮರಳು ಜಾರಿ ಜಾರಿ ಕೊನೆಗೆ ಕುಸಿದ ಮನೆಗೆ ಇನ್ನೊಂದು. ಕೊರೆತದಿಂದ ನೆಲೆ ಕಳೆದುಕೊಂಡವರ ಮರುವಸತಿಗೆಂದು 15ನೇ ಹಣಕಾಸು ಆಯೋಗ ಪ್ರತ್ಯೇಕವಾಗಿ 1,000 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದು ಇಡೀ ದೇಶದ ನದಿ ದಡಕ್ಕೂ ಕಡಲ ದಡಕ್ಕೂ ಸೇರಿ, 2021ರಿಂದ 2026ರವರೆಗಿನ ಐದು ವರ್ಷಕ್ಕೆ.